ಗಾಡಿಯಲ್ಲಿ ಬಂದ ಕಲ್ಲು

ಮೊನ್ನೆ ಹಾಸನದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಅರಕಲಗೂಡಿನ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಗೊರೂರಿನ ಹತ್ತಿರ ಕಿಟಕಿಯಿಂದ ಒಂದು ವಾಸನೆ ಒಳಗೆ ನುಗ್ಗಿತು. ಹಿನ್ನೀರು ಇಳಿದ ಮೇಲೆ ಬಿಸಿಲಿಗೆ ಬಾಯಿ ಬಿಡುವ ಕೆಸರಿನ ವಾಸನೆ ಅದು. ಸತ್ತ ಶಂಖದ ಹುಳ, ಕೊಳೆತ ಜೊಂಡು, ಮೀನಿನ ಹುರುಪೆ ಎಲ್ಲ ಅದರಲ್ಲಿ ಸೇರಿರುತ್ತದೆ. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಎದೆ ತುಂಬ ಎಳೆದುಕೊಂಡೆ. ಹೋದ ವರ್ಷದ ಬೇಸಿಗೆ ಪೂರ್ತಿ ನನಗೆ ಆ ವಾಸನೆಯಲ್ಲೇ ಇದೆ. ಆ ಬೇಸಿಗೆಯಲ್ಲಿ ಬಂದಷ್ಟು ಸಿಟ್ಟು ನನಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ. ಅಷ್ಟು ಸಂತೋಷವೂ ಆಗಿರಲಿಲ್ಲ. ಎರಡನ್ನೂ ಬೇರೆ ಬೇರೆ ಮಾಡಿ ಹೇಳು ಅಂದರೆ ನನ್ನಿಂದ ಆಗದು. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಮೊಮ್ಮಗಳು "ಮಾತಾಡ್ದಂಗೇ ಬರಿ ಅಜ್ಜಿ" ಅಂದಿದ್ದಾಳೆ, ಬರೆಯುತ್ತಿದ್ದೇನೆ.

ಮೊಮ್ಮಗಳ ಹೆಸರು ಬಿಂದು. ನನ್ನ ಒಬ್ಬನೇ ಮಗ ಶಿವಣ್ಣನ ಮಗಳು. ಆಗ ಹಾಸನದ ಕಾಲೇಜಿನಲ್ಲಿ ಬಿ.ಎ. ಕಡೇ ವರ್ಷ ಓದುತ್ತಿದ್ದಳು, ಇತಿಹಾಸ ತೆಗೆದುಕೊಂಡು. ಅವಳು ಇತಿಹಾಸ ಹಿಡಿದಾಗಲೇ ನೆಂಟರಿಷ್ಟರೆಲ್ಲ ಆಡಿಕೊಂಡಿದ್ದರು. "ಸತ್ತೋರ ಸುದ್ದಿ ಓದಿ ಬದುಕಿರೋರ್ಗೆ ಏನ್ ಮಾಡ್ತಾಳಂತೆ?" ಅಂದಿದ್ದಳು ನನ್ನ ತಂಗಿ. ಅವಳ ಮೊಮ್ಮಗ ಏನೋ ಕಂಪ್ಯೂಟರು ಓದುತ್ತಾನೆ. ಬದುಕಿರುವ ಅಜ್ಜಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಮಾತಾಡಿಸುವುದಿಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಕಡೇ ಸೆಮಿಸ್ಟರಿನಲ್ಲಿ ಮಕ್ಕಳು ತಾವೇ ಒಂದು ವಿಷಯ ಹಿಡಿದು, ತಾವೇ ಊರೂರು ತಿರುಗಿ ಹುಡುಕಿ, ಒಂದು ಪುಸ್ತಕ ಬರೆದು ಕೊಡಬೇಕಂತೆ. ಪ್ರಾಜೆಕ್ಟು ಅನ್ನುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನಾನು ಹಾಸನಕ್ಕೆ ಹೋಗಿದ್ದಾಗ ಬಿಂದು ನನ್ನನ್ನು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಕರೆದುಕೊಂಡು ಹೋದಳು. ಯಾವುದೋ ಹಳೆಯ ಪುಸ್ತಕದ ಹಾಳೆ ಜೆರಾಕ್ಸ್ ಮಾಡಿಸಬೇಕಿತ್ತು. ಅಂಗಡಿಯವನು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿದ.

"ಫೈನಲ್ ಇಯರ್ರಾ? ಯಾವ್ ಸಬ್ಜೆಕ್ಟು?"

"ಹಿಸ್ಟರಿ."

"ಅಳೇಬೀಡು ಐತೆ, ಬೇಲೂರು ಐತೆ, ಬೆಳಗೊಳ ಐತೆ. ಎಸ್ರು, ರಿಜಿಸ್ಟರ್ ನಂಬ್ರು ಯೋಳಿ. ಟೀ ಕುಡ್ಕೊಂಡ್ ಬರಾದ್ರೊಳಗೆ ಬೈಂಡಿಂಗ್ ಆಗಿರ್ತದೆ."

ನನಗೆ ಅರ್ಥವಾಗಲಿಲ್ಲ. "ಬರ್ದೋರ್ ಯಾರಪ್ಪ ಅದ್ನ?" ಅಂದೆ.

"ಯಾರೋ ಬರ್ದವ್ರೆ ಕಣಜ್ಜಿ. ವರ್ಸ ವರ್ಸ ಎಲ್ರೂ ಇಂಗೇ ತಗೊಂಡೋಗದು."

"ಯಾರೋ ಎತ್ತ ಕೂಸಿಗೆ ನಮ್ಮನೆ ಎಸ್ರು ಇಟ್ಟಂಗಾಯ್ತಲ್ಲೊ."

"ಇಟ್ಕಳಿ ಬುಡಿ, ಕೂಸೇನು ಅಳಾಕಿಲ್ಲ."

ಅಂಗಡಿಯಲ್ಲಿದ್ದ ಹುಡುಗರೆಲ್ಲ ನಕ್ಕರು. ಬಿಂದುವೂ ನಕ್ಕಳು. ನನಗೆ ನಗು ಬರಲಿಲ್ಲ. ಹೊಲ ಉತ್ತವನೊಬ್ಬ, ರಾಶಿ ಮಾಡಿಕೊಂಡು ಹೋಗುವವನೊಬ್ಬ. ಇದನ್ನು ವರ್ಷ ವರ್ಷ ಒಪ್ಪಿಕೊಳ್ಳುವ ದೊಡ್ಡವರು ಇನ್ನೆಂಥವರು ಅಂತ ಬಸ್ಸಿನಲ್ಲಿ ಕೂತು ಊರು ಬರುವವರೆಗೂ ಬೈದೆ. ಬಿಂದು "ನಾನು ಕರುಗಲ್ಲಿನ ಮೇಲೆ ಮಾಡ್ತೀನಿ ಅಜ್ಜಿ, ಯಾವ ಅಂಗಡೀಲೂ ಇಲ್ಲ ಅದು" ಅಂದಳು.

ಕರುಗಲ್ಲು ಅಂದರೆ ಊರು ಕಟ್ಟುವಾಗ ಮೊದಲು ನೆಡುವ ಕಲ್ಲು. ಮೇಲೆ ಏನೂ ಬರೆದಿರುವುದಿಲ್ಲ, ಮೂರ್ತಿಯೂ ಇರುವುದಿಲ್ಲ. ಮೊಣಕಾಲುದ್ದದ ಗುಂಡು ಕಲ್ಲು. ಕಲ್ಲು ನೆಟ್ಟ ಮೇಲೆಯೇ ಮನೆಗಳು, ಬಾವಿ, ಗುಡಿ. ದನಗಳಿಗೆ ರೋಗ ಬಂದರೆ ಆ ಕಲ್ಲಿನ ಮೈ ತೊಳೆದ ನೀರನ್ನೇ ಚಿಮುಕಿಸುತ್ತಾರೆ. ನಮ್ಮೂರಿನಲ್ಲೂ ಇದೆ. ನಮ್ಮೂರಿನ ಕಲ್ಲಿಗಾದರೆ ಊರಿಗೆಲ್ಲ ಗೊತ್ತಿರುವ ಒಂದು ಕತೆಯೂ ಇದೆ, ಅದು ನಮ್ಮ ಮನೆಯದೇ.

ನಮ್ಮ ಊರನ್ನು ಎಲ್ಲರೂ ಹೊಸೂರು ಅನ್ನುತ್ತಾರೆ. ಹಳೇ ಊರು ಹೇಮಾವತಿ ಅಣೆಕಟ್ಟಿನ ನೀರಿನಡಿ ಇದೆ. ನಾನು ಮದುವೆಯಾಗಿ ಬಂದದ್ದು ಹಳೇ ಊರಿಗೆ. ಬಂದ ಮಾರನೇ ವರ್ಷವೇ ಊರು ಬಿಡಬೇಕಾಯಿತು. ಜನ ಒಪ್ಪಲಿಲ್ಲ. ಕರುಗಲ್ಲು ಬಿಟ್ಟು ನಾವು ಬರಾಕಿಲ್ಲ ಅಂತ ಮುದುಕರೆಲ್ಲ ಅದರ ಕಟ್ಟೆಯ ಮೇಲೆ, ಹೆಂಗಸರು ಕೆಳಗೆ ಸುತ್ತ ಕೂತುಬಿಟ್ಟರು. ನೀರು ಕೆಳಗಿನ ಗದ್ದೆಗೆ ಬಂದಿತ್ತು. ಆಗ ಊರಿನ ಯಜಮಾನರಾಗಿದ್ದ ನಮ್ಮ ಮಾವ, "ಕಲ್ಲು ಮುಂದೆ ಓಗ್ತದೆ, ನೀವು ಹಿಂದೆ ಬನ್ನಿ" ಅಂದರಂತೆ. ಕೀಳುವುದನ್ನು ಯಾರೂ ನೋಡಬಾರದು ಅಂತ ಜನರನ್ನೆಲ್ಲ ಗಂಟುಮೂಟೆ ಕಟ್ಟಲು ಮನೆಗೆ ಕಳಿಸಿ, ಕಲ್ಲನ್ನು ಕಿತ್ತು, ಆ ಜಾಗಕ್ಕೆ ಹುಲ್ಲು ಮುಚ್ಚಿ, ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ, ಹೊಸೂರಿಗೆ ತಂದು ನೆಟ್ಟರಂತೆ. ಅವತ್ತಿನಿಂದ ಊರ ಹಬ್ಬದಲ್ಲಿ ಕಲ್ಲಿಗೆ ಹೊಯ್ಯುವ ಮೊದಲ ಹಾಲು ನಮ್ಮ ಮನೆಯದು. ಮಾವ ಹೊಯ್ದರು, ಆಮೇಲೆ ನನ್ನ ಯಜಮಾನರು, ಅವರು ಹೋದ ಮೇಲೆ ಶಿವಣ್ಣ. ಹಾಲು ಕರೆಯುವವಳು ನಾನು. ಚೊಂಬು ತೊಳೆಯುವವಳು ನಾನು. ಆದರೆ ಹೆಂಗಸರು ಆ ಕಲ್ಲಿನ ಕಟ್ಟೆ ತುಳಿಯುವ ಹಾಗಿಲ್ಲ. ಚೊಂಬನ್ನು ತೆಗೆದುಕೊಂಡು ಹೋಗಿ ಕೆಳಗೆ ನಿಂತು ಗಂಡಸರ ಕೈಗೆ ಕೊಡಬೇಕು. ಕೊಡುತ್ತ ಬಂದೆ. ಆ ಹೆಮ್ಮೆಯಲ್ಲಿ ಸೊಂಟದ ನೋವೂ ನೆನಪಾಗುತ್ತಿರಲಿಲ್ಲ.

ಬಿಂದುವಿನ ಗೈಡು ಒಬ್ಬ ಗೆಸ್ಟ್ ಲೆಕ್ಚರರು. ಎಳೇ ವಯಸ್ಸು, ಬೆಳಿಗ್ಗೆ ಹಾಸನದ ಕಾಲೇಜು, ಮಧ್ಯಾಹ್ನ ಹೊಳೆನರಸೀಪುರದ ಕಾಲೇಜು ಅಂತ ಓಡಾಡುವ ಜೀವ. ಅವರು ಮೊದಲು ಒಪ್ಪಲಿಲ್ಲವಂತೆ. "ಶಾಸನ ಇಲ್ಲ, ಬರಹ ಇಲ್ಲ, ಆಧಾರ ಏನಮ್ಮ? ಅಜ್ಜಿ ಹೇಳಿದ್ದು ಆಧಾರ ಆಗಲ್ಲ, ಕತೆ ಆಗುತ್ತೆ" ಅಂದರಂತೆ. ಇದನ್ನು ಬಿಂದು ಬಂದು ಹೇಳಿದಾಗ ನಾನು ರೊಟ್ಟಿ ತಟ್ಟುತ್ತಿದ್ದೆ. ಆ ರೊಟ್ಟಿ ಕರಿಯಾಯಿತು.

"ನಾನೇನು ಸುಳ್ಳಿಯಾ? ಕರ್ಕೊಂಡ್ ಬಾ ಅವ್ರನ್ನ."

"ಅವ್ರು ಹೇಳಿದ್ದು ಪೂರ್ತಿ ತಪ್ಪಲ್ಲ ಅಜ್ಜಿ. ಬೇರೆ ಊರಿನ ಕಲ್ಲುಗಳನ್ನೂ ನೋಡ್ಬೇಕು. ಆಮೇಲೆ ನೀನು ಹೇಳೋದನ್ನೂ ಪರೀಕ್ಷೆ ಮಾಡ್ಬೇಕು."

"ನನ್ನನ್ನ? ನೀನು?"

"ಹೂಂ."

ಅವಳ ಹುಟ್ಟುಕೂದಲು ತೆಗೆಸುವಾಗ ತೊಡೆಯ ಮೇಲೆ ಕೂರಿಸಿಕೊಂಡಿದ್ದವಳು ನಾನು. ನನ್ನನ್ನು ಪರೀಕ್ಷೆ ಮಾಡುತ್ತಾಳಂತೆ. ಆದರೂ ಮಾರನೇ ದಿನ ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಾಗ ಒಬ್ಬಳನ್ನೇ ಕಳಿಸಲು ಮನಸ್ಸು ಬರಲಿಲ್ಲ. ಹೆಂಗಸರಿಗೆ ಟಿಕೆಟ್ ಇಲ್ಲದ ಬಸ್ಸು. ಆಧಾರ್ ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೂ ಹತ್ತಿದೆ.

ಹಾಗೆ ನಾಲ್ಕು ತಾಲ್ಲೂಕು ತಿರುಗಿದೆವು. ಶನಿವಾರ, ಭಾನುವಾರ ಬಂತೆಂದರೆ ಬಸ್ಸು. ಅರಕಲಗೂಡಿನ ಕಂಡಕ್ಟರ್ ಒಬ್ಬ ನನ್ನನ್ನು ಕಂಡ ಕೂಡಲೇ, "ಏನಜ್ಜಿ, ಎಲೆಕ್ಸನ್‌ಗೆ ನಿಂತ್ಕಂಡಿದ್ಯಾ? ತೋರ್ಸಿ ತೋರ್ಸಿ ಆಧಾರ್‌ನಾಗಿರೋ ಮೊಕಾನೇ ಸವೆದೋಯ್ತದೆ" ಅನ್ನುತ್ತಿದ್ದ. "ಸವೆದ್ರೆ ನಿನ್ ಮೊಕ ಅಂಟುಸ್ಕೊಳ್ತೀನಿ, ಬೆಲ್ ಒಡಿ" ಅನ್ನುತ್ತಿದ್ದೆ.

ಹೋದ ಕಡೆಯೆಲ್ಲ ಹೊಟ್ಟೆ ಉರಿಯುವುದನ್ನೇ ನೋಡಿದೆ. ಕಟ್ಟಾಯದ ಕಡೆ ಒಂದೂರಿನಲ್ಲಿ ಕರುಗಲ್ಲಿಗೆ ಫ್ಲೆಕ್ಸ್ ಬೋರ್ಡಿನ ಗಳ ಕಟ್ಟಿದ್ದರು. ಯಾರದೋ ಹುಟ್ಟುಹಬ್ಬ, ಕಪ್ಪು ಕನ್ನಡಕ, ಸುತ್ತ ಚಿಲ್ಟಾರಿಗಳ ಫೋಟೋ. ಹೊಳೆನರಸೀಪುರದ ಹತ್ತಿರ ಇನ್ನೊಂದೂರಿನಲ್ಲಿ ಸಿಮೆಂಟು ರಸ್ತೆ ಹಾಕುವವರು ಕಲ್ಲನ್ನು ಸುತ್ತ ಮುಚ್ಚಿ ತಲೆ ಮಾತ್ರ ಬಿಟ್ಟಿದ್ದರು. ಅದರ ಮೇಲೆ ಬೈಕಿನ ಟೈರಿನ ಗುರುತು. ಬಿಂದು ಏನೂ ಅನ್ನದೆ ಟೇಪು ಹಿಡಿದು ಅಳೆದು, ಫೋಟೋ ತೆಗೆದು, ಅಲ್ಲಿನವರನ್ನು ಮಾತಾಡಿಸುತ್ತಿದ್ದಳು. ಅವಳ ಪಾಲಿನ ಬೈಗುಳವನ್ನೂ ನಾನೇ ಬೈದೆ. ಒಂದೂರಿನಲ್ಲಿ ಬೈಸಿಕೊಂಡವನೇ ಮನೆಗೆ ಕರೆದು ಮಜ್ಜಿಗೆ ಕೊಟ್ಟ.

ಚನ್ನರಾಯಪಟ್ಟಣದಿಂದ ಬಾಗೂರಿನ ಕಡೆ ಹೋದ ದಿನ ಮಾತ್ರ ನನ್ನ ಬಾಯಿ ಕಟ್ಟಿತು. ಅಲ್ಲಿ ಒಬ್ಬ ಮುದುಕ ತೆಂಗಿನ ಗರಿ ಹೆಣೆಯುತ್ತ ಕೂತಿದ್ದ. ಅವರೂರಿನ ಕಲ್ಲಿನ ವಿಚಾರ ಎಲ್ಲ ಹೇಳಿದ ಮೇಲೆ ನಾನು ಹೆಮ್ಮೆಯಿಂದ ನಮ್ಮ ಮಾವನ ಕತೆ ಹೇಳಿದೆ. ಅವನು ಗರಿ ಕೆಳಗಿಟ್ಟ.

"ಕರುಗಲ್ಲು ಅಂದ್ರೆ ಊರಿನ ಒಕ್ಕಳು ಕಣವ್ವ. ಊರು ಓದ್ರೂ ಅದು ಅಲ್ಲೇ ಇರ್ಬೇಕು. ಕೀಳಬಾರ್ದು."

"ಕಿತ್ತವ್ರೆ ಅಂತ ಯೋಳ್ತಾ ಇಲ್ವಾ ನಾನು?"

"ಮ್ಯಾಲೆ ಕಾಣಾದು ಮೊಣಕಾಲುದ್ದ, ಒಳಗಿರಾದು ಆಳುದ್ದ. ಕಿತ್ತು ಗಾಡಿಗಾಕಿದ್ರೆ ನಿಮ್ಮಾವ ಮನುಸ್ನಲ್ಲ ಬುಡು, ಆನೆ."

ವಾಪಸು ಬರುವಾಗ ಬಿಂದು ಕಿಟಕಿಯ ಕಡೆ ನೋಡುತ್ತಿದ್ದಳು. ಅವಳಿಗೆ ಏನೋ ಹೊಳೆದಿದೆ ಅಂತ ನನಗೆ ಗೊತ್ತಾಯಿತು. ಗೊತ್ತಾಗದವಳ ಹಾಗೆ ಕಣ್ಣು ಮುಚ್ಚಿಕೊಂಡೆ.

ಹುಣಿಸೆಹಣ್ಣಿನ ಕಾಲ ಬಂತು. ಜಗುಲಿಯಲ್ಲಿ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದೆ. ಬಿಂದು ಎದುರಿಗೆ ಕೂತು ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿದಳು. ಊರು ಬಿಟ್ಟ ದಿನದ ವಿಚಾರ ಹೇಳು ಅಂದಳು. ಹೇಳಿದೆ. ಇನ್ನೊಂದು ಸಲ ಹೇಳು ಅಂದಳು. ಹೇಳಿದೆ. ಮತ್ತೆ ಮೊದಲಿಂದ ಅಂದಾಗ, "ಪೋಲೀಸ್ನೋರಾದ್ರೂ ಊಟಕ್ಕೆ ಬುಡ್ತಾರೆ" ಅಂದೆ.

"ಕಲ್ಲಿನ ಮಾತು ಬೇಡ ಅಜ್ಜಿ. ನೀನು ಏನ್ ಮಾಡ್ತಿದ್ದೆ ಹೇಳು. ನಡ್ಕೊಂಡ್ ಬಂದ್ಯಾ?"

"ಏಳು ತಿಂಗ್ಳ ಬಸ್ರೀನ ಯಾರಾದ್ರೂ ನಡೆಸ್ತಾರಾ? ನಿಮ್ಮಪ್ಪ ಒಳಗೇ ಒದೀತಿದ್ದ. ಗಾಡೀಲಿ ಬಂದೆ."

"ಯಾರ ಗಾಡಿ?"

"ನಮ್ದೇ. ನಮ್ಗಿದ್ದುದೇ ಒಂದು. ಕಮಾನು ಕಟ್ಟಿ ಹಿಂದಕ್ಕೂ ಮುಂದಕ್ಕೂ ಸೀರೆ ಇಳೇಬುಟ್ಟಿದ್ರು. ಕಣ್ಣಾಯ್ತದೆ, ತಲೆ ಆಚೆಗೆ ಆಕ್ಬ್ಯಾಡ ಅಂದಿದ್ರು ನಮ್ಮಾವ. ಕೋಳಿ ಮಂಕ್ರಿ ನನ್ ತೊಡೆ ಮ್ಯಾಲೆ."

"ನೀನು ಕೂತಿದ್ದು?"

"ಹುಲ್ಲಿನ ಮ್ಯಾಲೆ. ಅದ್ರ ಮ್ಯಾಲೊಂದು ಕೌದಿ."

"ಕಲ್ಲೆಲ್ಲಿತ್ತು?"

"ಆ ಹುಲ್ಲಿನಡೀಲೇ ಕಣೆ, ಇನ್ನೆಲ್ಲಿ."

ಬಿಂದು ಮೊಬೈಲನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಅಜ್ಜಿ, ಹೆಂಗಸರು ಕಟ್ಟೆ ತುಳಿಯೋಕೇ ಬಿಡದೋರು ನಿಮ್ಮಾವ. ಆ ಕಲ್ಲಿನ ಮೇಲೆ ಸೊಸೇನ ಕೂರುಸ್ತಿದ್ರಾ?"

ಕುಟ್ಟುವ ಕೈ ನಿಂತುಹೋಯಿತು.

ಕೂರಿಸುತ್ತಿರಲಿಲ್ಲ. ಸತ್ತರೂ ಕೂರಿಸುತ್ತಿರಲಿಲ್ಲ. ಆ ಮನುಷ್ಯ ಕಲ್ಲಿಗೆ ಬೆನ್ನು ತೋರಿಸಿ ನಡೆದವರಲ್ಲ. ಮದುವೆಯಾದ ಹೊಸದರಲ್ಲಿ ನನ್ನ ನೆರಳು ಕಟ್ಟೆಯ ಮೇಲೆ ಬಿತ್ತು ಅಂತ ನೀರು ಹಾಕಿಸಿದ್ದವರು. ಈ ಎರಡೂ ಮಾತು ನನ್ನೊಳಗೆ ಇಷ್ಟು ವರ್ಷ ಅಕ್ಕಪಕ್ಕದಲ್ಲೇ ಇದ್ದವು; ಒಂದು ದಿನವಾದರೂ ಒಂದರ ಮುಖ ಇನ್ನೊಂದು ನೋಡಿರಲಿಲ್ಲ. ಗಾಡಿಯಲ್ಲಿ ಕೂತದ್ದನ್ನು ಬಾಣಂತನದ ಕತೆಯ ಜೊತೆ ಹೇಳುತ್ತಿದ್ದೆ, ಕಲ್ಲು ಬಂದದ್ದನ್ನು ಹಬ್ಬದ ಕತೆಯ ಜೊತೆ. ಕೇಳಿದವರಿಗೂ ಹೊಳೆದಿರಲಿಲ್ಲ.

ಅವತ್ತು ಊಟದವರೆಗೂ ಬಿಂದುವಿನ ಜೊತೆ ಮಾತು ಬಿಟ್ಟೆ. ಅವಳ ಮೇಲೆ ಸಿಟ್ಟು ಕಡಿಮೆಯಾದ ಮೇಲೆ ಗೋಡೆಯ ಮೇಲಿನ ಯಜಮಾನರ ಫೋಟೋದ ಮೇಲೆ ಸಿಟ್ಟು ಬಂತು. ಆ ಗಾಡಿ ಹೊಡೆದವರು ಅವರೇ. ಹೊಸೂರು ಮುಟ್ಟಿದ ಕೂಡಲೇ ನಮ್ಮ ಮಾವ ಎಲ್ಲರಿಗೂ ಕಾಲುವೆಯಲ್ಲಿ ಮಿಂದು ಬನ್ನಿ ಅಂತ ಕಳಿಸಿದ್ದರು. ಜನ ಮಿಂದು ಬರುವಷ್ಟರಲ್ಲಿ ಕಲ್ಲು ನೆಟ್ಟು ಅರಿಶಿನ ಹಚ್ಚಿ ಆಗಿತ್ತು. ಮೊದಲೇ ತಂದಿಟ್ಟಿದ್ದ ಬೇರೆ ಕಲ್ಲನ್ನು ಅಪ್ಪ ಮಗ ಇಬ್ಬರೇ ಸೇರಿ ನೆಟ್ಟಿರಬೇಕು. ನನ್ನ ಜೊತೆ ಒಂದು ಆಯುಷ್ಯ ಬಾಳಿದ ಮನುಷ್ಯ, ಸಾರಿಗೆ ಉಪ್ಪು ಕಮ್ಮಿ ಅನ್ನುವುದನ್ನು ಮೂರು ಮನೆಗೆ ಕೇಳುವಂತೆ ಹೇಳುತ್ತಿದ್ದವರು, ಈ ಒಂದು ಮಾತನ್ನು ನುಂಗಿಕೊಂಡು ಹೋಗಿಬಿಟ್ಟರು.

"ಕಲ್ಲು ಬರಲೇ ಇಲ್ಲ ಅನ್ನೋದು ನನ್ನ ಊಹೆ ಅಷ್ಟೇ ಅಜ್ಜಿ, ನೋಡದೆ ಬರೆಯೋ ಹಾಗಿಲ್ಲ" ಅಂದಳು ಬಿಂದು.

ನೋಡಲಿಕ್ಕೆ ನೀರು ಇಳಿಯುವವರೆಗೆ ಕಾಯಬೇಕಾಯಿತು; ಹಿಂದೆ ಯಾವ ಬೇಸಿಗೆಯಲ್ಲೂ ಅದು ಅಷ್ಟು ಇಳಿದಿರಲಿಲ್ಲ. ಹಿನ್ನೀರು ಇಳಿದು ಇಳಿದು ಯುಗಾದಿ ಕಳೆದ ಮೇಲೆ ಹಳೇ ಊರಿನ ದಿಣ್ಣೆ ಬಿಟ್ಟುಕೊಂಡಿದೆ ಅಂತ ಸುದ್ದಿ ಬಂತು. ಮೀನು ಹಿಡಿಯುವವನೊಬ್ಬ ದಾರಿ ತೋರಿಸಿದ. ಬಿರಿದ ಕೆಸರಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಎಲ್ಲ ಕಡೆಯೂ ಅದೇ ವಾಸನೆ. ಮೊದಲು ಬಾವಿಯ ಕಟ್ಟೆ ಸಿಕ್ಕಿತು. ಅಲ್ಲಿಂದ ನನ್ನ ಕಾಲಿಗೇ ದಾರಿ ಗೊತ್ತಿತ್ತು. ಇದು ಚಾವಡಿ, ಇದು ಅಗಸೆ ಬಾಗಿಲು, ಇಲ್ಲಿ ಮೂರು ಬೀದಿ ಸೇರುವುದು ಅಂತ ಹೇಳಿಕೊಂಡು ಹೋದೆ. ಮೂರು ಬೀದಿ ಸೇರುವಲ್ಲಿ ಅದು ನಿಂತಿತ್ತು.

ಕಲ್ಲು ಅಲ್ಲೇ ಇತ್ತು. ಅಲ್ಲಾಡಿರಲಿಲ್ಲ. ಹಾಲು ಹೊಯ್ದು ಹೊಯ್ದು ನೆತ್ತಿಯ ಮೇಲೆ ಆಗಿದ್ದ ಗುಳಿಯಲ್ಲಿ ಒಂದಿಷ್ಟು ಕೆಸರು ಒಣಗಿತ್ತು. ಬಿಂದು ಕುಕ್ಕರುಗಾಲಲ್ಲಿ ಕೂತು ಬುಡವನ್ನು ಕಡ್ಡಿಯಿಂದ ಕೆದಕಿದಳು. ಎಷ್ಟು ಕೆದಕಿದರೂ ಕಲ್ಲೇ. ಬಾಗೂರಿನ ಕಡೆಯ ಮುದುಕ ಹೇಳಿದ್ದು ಸರಿ. ನಾನು ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸುತ್ತ ಯಾರೂ ಇರಲಿಲ್ಲ, ಬೇಡ ಅನ್ನಲು ಗಂಡಸರಿರಲಿಲ್ಲ. ಸೆರಗಿನಿಂದ ಆ ಗುಳಿಯನ್ನು ಒರೆಸಿದೆ. ಬಿಸಿಲಿಗೆ ಕಾದು ರೊಟ್ಟಿಯ ಹೆಂಚಿನ ಹಾಗೆ ಸುಡುತ್ತಿತ್ತು.

"ಸುಳ್ಳು ಯೋಳ್ಬುಟ್ರಲ್ಲೆ ನಮ್ಮಾವ" ಅಂದೆ.

"ಹೇಳದೆ ಇದ್ದಿದ್ರೆ ಮುದುಕರು ಎದ್ದು ಬರ್ತಿದ್ರಾ ಅಜ್ಜಿ?"

ನೀರು ಕೆಳಗಿನ ಗದ್ದೆಗೆ ಬಂದಿದ್ದು ನೆನಪಾಯಿತು. ಕಟ್ಟೆಗೆ ಒರಗಿ ಏಳಲೊಲ್ಲೆ ಅಂತ ಕೂತಿದ್ದ ನಮ್ಮ ಮಾವನ ತಾಯಿ ನೆನಪಾದಳು. ಕಲ್ಲು ಕೀಳಬಾರದು ಅನ್ನುವುದೂ ಮಾವನಿಗೆ ಗೊತ್ತಿತ್ತು, ಜನ ಮುಳುಗಬಾರದು ಅನ್ನುವುದೂ ಗೊತ್ತಿತ್ತು. ಎರಡಕ್ಕೂ ಸೇರಿಸಿ ಆ ಒಂದು ಗಾಡಿ ಕಟ್ಟಿದರು.

ಬಿಂದು ತೆಗೆದ ಫೋಟೋವನ್ನು ಅವರಪ್ಪನಿಗೆ ಕಳಿಸಿದಳು. ಶಿವಣ್ಣ ಯಾರಿಗೋ ತೋರಿಸಿದ. ಸಂಜೆಯ ಹೊತ್ತಿಗೆ ಊರಿನ ಎಲ್ಲ ಮೊಬೈಲಿನಲ್ಲೂ ಕಲ್ಲು. ಎರಡು ದಿನ ಬಿಟ್ಟು ನಮ್ಮನ್ನು ಕಟ್ಟೆಯ ಹತ್ತಿರ ಕರೆಸಿದರು. ಈಗ ಊರ ಯಜಮಾನ ನನ್ನ ಮೈದುನ ನಂಜೇಗೌಡ, ನಮ್ಮ ಚಿಕ್ಕಮಾವನ ಮಗ. ಗಂಡಸರೆಲ್ಲ ಕಟ್ಟೆಯ ಮೇಲೆ. ನಾನು, ಬಿಂದು ಕೆಳಗೆ.

"ಅಂಗಾರೆ ಇಷ್ಟ್ ದಿನ ನಾವು ಹಾಲು ಉಯ್ದಿದ್ದು ಯಾವನ್ ಕಲ್ಲಿಗವ್ವ?" ಅಂದ ನಂಜೇಗೌಡ.

"ನಮ್ಮೂರ ಕಲ್ಲಿಗೇ ಚಿಕ್ಕತಾತ" ಅಂದಳು ಬಿಂದು. "ಹೊಸೂರಿನ ಕರುಗಲ್ಲು ಇದೇ. ಇದು ಅಲ್ಲಿಂದ ಬಂದಿದ್ದಲ್ಲ, ಇಲ್ಲಿಗೆ ಅಂತ ನೆಟ್ಟಿದ್ದು. ಅಷ್ಟೇ ನಾನು ಬರೆಯೋದು."

"ಏನ್ ಅಷ್ಟೇ? ನಾನು ಕಣ್ಣಾರೆ ಕಂಡಿವ್ನಿ. ಸಣ್ಣುಡುಗ, ಗಾಡಿ ಹಿಂದೇನೇ ನಡ್ಕೊಂಡ್ ಬಂದಿವ್ನಿ."

ನನಗೆ ತಡೆಯಲಾಗಲಿಲ್ಲ. "ಹಿಂದೆ ನಡೆದೋನು ನೀನು ಸೀರೆ ಕಂಡೆ ಕಣಪ್ಪ. ಒಳಗೆ ಕೂತಿದ್ದೋಳು ನಾನು."

ನಾಲ್ಕು ಜನ ನಕ್ಕರು. ಅದು ತಪ್ಪಾಯಿತು, ನಂಜೇಗೌಡನ ಮುಖ ಕೆಂಪಾಯಿತು. ನಮ್ಮೂರ ಕಲ್ಲಿನ ಅಧ್ಯಾಯ ಪುಸ್ತಕದಲ್ಲಿದ್ದರೆ ನಿಮ್ಮ ಮನೆಗೆ ಮೊದಲ ಹಾಲು ಇಲ್ಲ ಅಂತ ಹೇಳಿ ಎದ್ದ. ಯಾರೋ ಕಾಲೇಜಿಗೂ ಫೋನು ಮಾಡಿದರು. ಊರಿನ ನಂಬಿಕೆಗೆ ಮಣ್ಣು ಹಾಕುತ್ತಿದ್ದಾಳೆ ಅಂತ. ಗೈಡು ಬಿಂದುವಿಗೆ ಫೋನು ಮಾಡಿ, "ನೀನು ಮಾಡಿರೋದು ಒಳ್ಳೇ ಕೆಲಸನೇ ಅಮ್ಮ. ಆದ್ರೆ ನನ್ನದು ವರ್ಷ ವರ್ಷದ ಕೆಲಸ, ಗಲಾಟೆ ಆದ್ರೆ ಮುಂದಿನ ವರ್ಷ ನಾನಿರಲ್ಲ. ಆ ಒಂದು ಅಧ್ಯಾಯ ಬಿಟ್ಟುಬಿಡು" ಅಂದರು. ಶಿವಣ್ಣನೂ ತಲೆ ತಗ್ಗಿಸಿ, "ಬುಟ್ಬುಡು ಮಗ, ತಾತನ ಕಾಲ್ದಿಂದ ಬಂದಿರೋದು" ಅಂದ.

ಬಿಂದು ಬಿಟ್ಟಳು. ಆ ಅಧ್ಯಾಯ ತೆಗೆದು ಮಿಕ್ಕಿದ್ದನ್ನು ಟೈಪು ಮಾಡಿಸಿಕೊಂಡು ಬಂದು ನನ್ನ ಮುಂದೆ ಇಟ್ಟಳು. ನಾಲ್ಕು ತಾಲ್ಲೂಕಿನ ಕಲ್ಲುಗಳೆಲ್ಲ ಇದ್ದವು. ನಮ್ಮದೊಂದೇ ಇರಲಿಲ್ಲ.

"ಮಾರ್ಕ್ಸು ಹೆಂಗೂ ಬರುತ್ತೆ ಅಜ್ಜಿ. ಅದನ್ನ ಹಾಕಿದ್ರೆ ಮುತ್ತಾತನ ಹೆಸ್ರು ಹೋಗುತ್ತೆ, ತಾತನ ಹೆಸ್ರು ಹೋಗುತ್ತೆ. ನಿನಗೆ ಇಷ್ಟ ಅಲ್ವಾ ಆ ಹಾಲು."

ಇಷ್ಟವೇ. ಸುಳ್ಳು ಏಕೆ ಹೇಳಲಿ. ವರ್ಷಕ್ಕೊಂದು ಸಲ ಊರೆಲ್ಲ ನಮ್ಮ ಮನೆಯ ಚೊಂಬು ಬರಲಿ ಅಂತ ಕಾದು ನಿಲ್ಲುವುದು ಯಾರಿಗೆ ಇಷ್ಟವಾಗುವುದಿಲ್ಲ. ಆದರೆ ಬಿಸಿಲಿನಲ್ಲಿ ನನ್ನ ಜೊತೆ ಅಲೆದ ಹುಡುಗಿ ಹೀಗೆ ಕುಗ್ಗಿ ಕೂತಿದ್ದನ್ನು ನೋಡಿ ನನಗೆ ಬಂದ ಸಿಟ್ಟಿಗೆ ಆ ಚೊಂಬೂ ಸಣ್ಣದಾಯಿತು.

"ಆ ಜೆರಾಕ್ಸ್ ಅಂಗಡಿಯೋನ ಪುಸ್ತಕಕ್ಕೂ ಇದಕ್ಕೂ ಏನೆ ವ್ಯತ್ಯಾಸ?" ಅಂದೆ. "ಅದು ಬ್ಯಾರೆಯೋರ ಕೂಸು. ಇದು ನಿಂದೇ ಕೂಸು, ತಲೆ ತೆಗ್ದು ಮಡಗಿದ್ದೀಯ."

"ಹೆಸ್ರು, ಅಜ್ಜಿ..."

"ಇಷ್ಟ್ ದಿನ ನಮ್ಮಾವ ಕಲ್ಲು ತಂದೋರು ಅಂತ ಮೆರೆದೆ. ಕಲ್ಲನ್ನ ಎತ್ತುಗ್ಳೂ ತತ್ತವೆ. ಊರು ತಂದೋರು ಅಂತ ಬರಿ."

ಅವಳು ಬರೆಯುವವರೆಗೆ ಕಾಯಲಿಲ್ಲ. ಸೀದಾ ನಂಜೇಗೌಡನ ಮನೆಗೆ ಹೋದೆ. ಅವನು ಕೊಟ್ಟಿಗೆಯ ಮುಂದೆ ಹಗ್ಗ ಹೊಸೆಯುತ್ತಿದ್ದ.

"ಮೊದ್ಲ ಹಾಲು ನಮ್ಗೆ ಬ್ಯಾಡ ಕಣಪ್ಪ. ನೀವೇ ಉಯ್ಕಳಿ. ಉಡ್ಗಿ ಬರೀತಾಳೆ."

"ಅತ್ತಿಗೆ, ಬಿಸ್ಲಿಗೆ ತಲೆಗಿಲೆ ಕೆಟ್ಟೈತಾ ನಿಂಗೆ? ದೊಡ್ಡಪ್ಪಂಗೆ ಸುಳ್ಳುಗಾರ ಅಂತ ಎಸ್ರು ಬತ್ತದೆ."

"ಅವ್ರು ಸುಳ್ಳು ಯೋಳ್ದೆ ಓಗಿದ್ರೆ ನೀನು ಎಲ್ಲಿರ್ತಿದ್ದೆ? ನಿಮ್ಮವ್ವನೂ ಆ ಕಲ್ಲಿನ ಸುತ್ತ ಕೂತಿದ್ಲು. ನೆಪ್ಪೈತಾ?"

ನಂಜೇಗೌಡ ಹಗ್ಗದ ಕಡೆಗೇ ನೋಡುತ್ತಿದ್ದ. ಹೊಸೆಯುವುದನ್ನು ನಿಲ್ಲಿಸಲಿಲ್ಲ. ನಾನೂ ನಿಲ್ಲಲಿಲ್ಲ.

ಗೈಡಿನ ವಿಚಾರ 'ಹೆದರಿದ ಮನುಷ್ಯ' ಅಂತ ಬರೆದು ಮುಗಿಸಬೇಕು ಅಂತಿದ್ದೆ, ಆದರೆ ಹಾಗೆ ಬರೆದರೆ ನನ್ನದೂ ಅನ್ಯಾಯವಾಗುತ್ತದೆ. ಬಿಂದು ಪೂರ್ತಿ ಪುಸ್ತಕ ತೆಗೆದುಕೊಂಡು ಹೋದಾಗ ಅವರು ತುಂಬ ಹೊತ್ತು ಓದಿದರಂತೆ. ಊಹೆ ಎಲ್ಲಿದೆಯೋ ಅಲ್ಲಿ ಊಹೆ ಅಂತ ಸ್ಪಷ್ಟವಾಗಿ ಬರೆಸಿದರಂತೆ. ಅಜ್ಜಿ ಹೇಳಿದ್ದನ್ನು ಅಜ್ಜಿಯ ಮಾತಿನಲ್ಲೇ ಕೊನೆಯಲ್ಲಿ ಸೇರಿಸು, ಅವರ ಸಹಿ ಹಾಕಿಸು ಅಂದರಂತೆ. ಆಮೇಲೆ ತಾವೂ ಸಹಿ ಹಾಕಿದರು. ನಾನು ಪುಟ್ಟಮ್ಮ ಅಂತ ಬರೆಯಲು ಎರಡು ಹಾಳೆ ಹಾಳು ಮಾಡಿದೆ.

ಪರೀಕ್ಷೆಯ ದಿನ ನಾನೂ ಹಾಸನಕ್ಕೆ ಹೋದೆ. ಒಳಗೆ ಬಿಂದುವನ್ನು ಪ್ರಶ್ನೆ ಕೇಳುತ್ತಿದ್ದರು, ನಾನು ಹೊರಗೆ ಬೆಂಚಿನ ಮೇಲೆ ಆ ಪುಸ್ತಕದ ಇನ್ನೊಂದು ಪ್ರತಿ ಹಿಡಿದು ಕೂತಿದ್ದೆ. ಗೋಂದಿನ ವಾಸನೆ ಇನ್ನೂ ಹೋಗಿರಲಿಲ್ಲ. ಅಕ್ಷರ ಅಕ್ಷರ ಕೂಡಿಸಿಕೊಂಡು ಕೊನೆಯ ಹಾಳೆಗೆ ಬಂದೆ. 'ಆಧಾರಗಳು' ಅಂತ ಇತ್ತು. ದೊಡ್ಡ ದೊಡ್ಡವರ ಪುಸ್ತಕಗಳ ಕೆಳಗೆ ನನ್ನ ಹೆಸರಿತ್ತು. ಅಜ್ಜಿ ಹೇಳಿದ್ದು ಆಧಾರ ಆಗಲ್ಲ ಅಂದಿದ್ದರಲ್ಲ. ಆ ಹಾಳೆಯ ಮೇಲೆ ಬೆರಳಿಟ್ಟುಕೊಂಡೇ ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಮೈಸೂರಿನಿಂದ ಬಂದಿದ್ದ ಪರೀಕ್ಷಕರು, ನನ್ನ ಮಗನಿಗಿಂತ ಸ್ವಲ್ಪ ದೊಡ್ಡ ವಯಸ್ಸಿನ ಹೆಂಗಸು, ಹೊರಗೆ ಬಂದು ನನ್ನ ಮುಂದೆ ನಿಂತರು.

"ಗಾಡೀಲಿ ಬಂದೋರು ನೀವೇನಾ? ತುಂಬಾ ಕುಲುಕ್ತಾ?"

"ಕುಲುಕ್ದೆ ಇರ್ತದಾ ತಾಯಿ. ಕೋಳಿ ಬ್ಯಾರೆ ಕುಕ್ತಿತ್ತು."

ಅವರು ನಗುತ್ತ ಒಳಗೆ ಹೋದರು. ಬಿಂದು ಹೊರಗೆ ಬಂದಾಗ ಅವಳ ಮುಖ ನೋಡಿಯೇ ನನಗೆ ಸಾಕಾಯಿತು. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಆ ಜೆರಾಕ್ಸ್ ಅಂಗಡಿ ಬಂತು. ಬೇಡ ಅಂದರೂ ಕೇಳದೆ ಒಳಗೆ ಹೋಗಿ, ಅಂಗಡಿಯವನ ಮುಂದೆ ಪುಸ್ತಕ ಹಿಡಿದು, "ನೋಡ್ಕೋ. ಇದು ಅಳೋ ಕೂಸು" ಅಂದೆ. ಅವನಿಗೆ ನನ್ನ ನೆನಪೇ ಇರಲಿಲ್ಲ. ಇರಲಿ.

ಮಳೆ ಶುರುವಾಗುವ ಮುಂಚೆ ಊರ ಹಬ್ಬ ಬಂತು. ಹೇಳಿದ ಹಾಗೆಯೇ ಮೊದಲ ಹಾಲನ್ನು ನಂಜೇಗೌಡನ ಮನೆಯವರು ಹೊಯ್ದರು. ನಾನು ಅಭ್ಯಾಸ ಬಲದಿಂದ ಚೊಂಬು ತುಂಬಿಸಿಕೊಂಡು ಹೋಗಿ ಕಟ್ಟೆಯ ಕೆಳಗೆ ನನ್ನ ಜಾಗದಲ್ಲಿ ನಿಂತಿದ್ದೆ. ಯಾರೂ ಕೈ ಚಾಚಲಿಲ್ಲ. ಶಿವಣ್ಣ ಎಲ್ಲೋ ಜನರ ಹಿಂದೆ ಇದ್ದ. ಪಕ್ಕಕ್ಕೆ ಕೆಂಪಮ್ಮ ಬಂದು ನಿಂತಳು. ಊರು ಬಿಟ್ಟ ದಿನ ಗಾಡಿಯ ಪಕ್ಕದಲ್ಲೇ ನಡೆದು ಬಂದವಳು, ಈಗ ಕೋಲು ಹಿಡಿದ ಮುದುಕಿ.

"ಅಲ್ಲ ಪುಟ್ಟಮ್ಮ, ಆವತ್ತು ದಾರಿ ಉದ್ದಕ್ಕೂ ಗಾಡಿಗೆ ಕೈ ಮುಗೀತಾ ಬಂದ್ನಲ್ಲೆ ನಾನು. ತೆಂಗಿನಕಾಯಿ ಬ್ಯಾರೆ ಒಡ್ದೆ. ಒಳಗಿದ್ದೋಳು ನೀನಂತೆ."

"ನಾನೇ."

"ಅಂಗಾರೆ ನನ್ ನಮಸ್ಕಾರ ವಾಪಸ್ ಕೊಡು."

"ಕಾಯಿ ಬೇಕಾದ್ರೆ ಕೊಡ್ತೀನಿ. ನಮಸ್ಕಾರ ಕೊಡಾಕಿಲ್ಲ."

ಅವಳು ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿದ್ದಳು. ಆ ನಗುವಿನಲ್ಲಿ ನನಗೆ ಏನಾಯಿತೋ, ಚೊಂಬು ಹಿಡಿದುಕೊಂಡೇ ಕಟ್ಟೆ ಹತ್ತಿದೆ. ನಂಜೇಗೌಡ ಅಡ್ಡ ಬಂದ.

"ಅತ್ತಿಗೆ, ಕೆಳಗಿಳಿ."

"ಕಲ್ಲು ಬಂತು ಅಂತ ನೀವು ಕೈ ಮುಗ್ದ ಗಾಡೀಲಿ ಬಂದಿದ್ದು ನಾನು ಕಣಪ್ಪ. ನನ್ನ ಯಾರು ಇಳ್ಸೋರು?"

ಅವನು ನನ್ನ ಕೈಯ ಚೊಂಬನ್ನು ನೋಡಿದ. ಆಮೇಲೆ ಪಕ್ಕಕ್ಕೆ ಸರಿದ. ಒಪ್ಪಿ ಸರಿದನೋ, ಹಬ್ಬದ ದಿನ ರಂಪ ಬೇಡ ಅಂತ ಸರಿದನೋ, ಇವತ್ತಿಗೂ ಅವನು ಹೇಳಿಲ್ಲ, ನಾನೂ ಕೇಳಿಲ್ಲ. ಕೆಳಗಿನಿಂದ ಬಿಂದು ಮೊಬೈಲು ಹಿಡಿದು, "ಅಜ್ಜಿ, ನಿಧಾನ" ಅಂದಳು. ಈಗ ಅವಳು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಳೆ, ಆ ಫೋಟೋ ಅವಳ ಮೇಜಿನ ಮೇಲಿದೆಯಂತೆ.

ಹಾಲು ಹೊಯ್ದೆ. ಮೊದಲ ಹಾಲಲ್ಲ, ನಾಲ್ಕನೆಯದೋ ಐದನೆಯದೋ. ನನ್ನ ಕೈಯಿಂದಲೇ ಹೊಯ್ದದ್ದರಲ್ಲಿ ಮಾತ್ರ ಅದೇ ಮೊದಲನೆಯದು.